ನನ್ನ ಬಾಯಲ್ಲಿ ಒಂದೇ ‘ವ’

ನಾವು ಟೋಕಿಯೊಗೆ ಬಂದು ಇಳಿದದ್ದು 2016ರಲ್ಲಿ. ಮನೆ ಸಿಕ್ಕಿದ ಜಾಗದ ಹೆಸರು ನಿಶಿ ಕಸಾಯಿ. ಫೋನಿನಲ್ಲಿ ಹೇಳಿದಾಗ ಹಾಸನದಲ್ಲಿದ್ದ ಅಮ್ಮ ಒಂದು ಗಳಿಗೆ ಸುಮ್ಮನಾಗಿ, ‘ಇಡೀ ಜಪಾನಿನಲ್ಲಿ ಬೇರೆ ಹೆಸರಿನ ಊರು ಸಿಗಲಿಲ್ಲವೇನೇ?’ ಎಂದರು. ಇಲ್ಲಿ ನಿಶಿ ಎಂದರೆ ರಾತ್ರಿಯಲ್ಲ, ಪಶ್ಚಿಮ. ಕಸಾಯಿ ಎಂಬುದು ಬರೀ ಹೆಸರು, ಕತ್ತಿ ಹಿಡಿದವರು ಯಾರೂ ಇಲ್ಲ ಎಂದು ನಂಬಿಸಲು ಹೊತ್ತು ಹಿಡಿಯಿತು. ‘ಮ್ಯಾನ್ಶನ್‌ನಲ್ಲಿ ಇದ್ದೇವೆ’ ಎಂದದ್ದು ಇನ್ನೊಂದು ತೊಡಕು. ಜಪಾನಿಗರು ಆ ಪದವನ್ನು ಕಾಂಕ್ರೀಟ್ ಕಟ್ಟಡದ ಫ್ಲ್ಯಾಟಿಗೆ ಬಳಸುತ್ತಾರೆ. ನಮ್ಮ ಮ್ಯಾನ್ಶನ್‌ನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕಲು ಮೊಣಕೈ ಅಗಲದ ಬಾಲ್ಕನಿ.

2000ನೇ ಇಸವಿಯ ಕಂಪ್ಯೂಟರ್ ತೊಡಕಿನ ಕಾಲದಿಂದ ಭಾರತದ ಎಂಜಿನಿಯರುಗಳು ಬಂದು ನೆಲೆಸಿದ ಪ್ರದೇಶ ಇದು. ತೋಝಾಯಿ ಮೆಟ್ರೊ ಹತ್ತಿದರೆ ಒಟೆಮಾಚಿಯ ಕಚೇರಿಗಳಿಗೆ ಒಂದೇ ರೈಲು. ನನ್ನ ಗಂಡ ದಿನವೂ ಆ ರೈಲು ಹತ್ತುತ್ತಿದ್ದರು. ನಾನು ಕುಟುಂಬದ ವೀಸಾದಲ್ಲಿ ಬಂದವಳು. ಪ್ರತ್ಯೇಕ ಅನುಮತಿ ಪಡೆದರೆ ವಾರಕ್ಕೆ 28 ಗಂಟೆ ದುಡಿಯಬಹುದು, ಅದಕ್ಕಿಂತ ಒಂದು ಗಂಟೆಯೂ ಹೆಚ್ಚು ಕೂಡದು. ಬೆಂಗಳೂರಿನಲ್ಲಿ ಆರು ವರ್ಷ ಕಾಲೇಜಿನ ಹುಡುಗರಿಗೆ ಇಂಗ್ಲಿಷ್ ಪಾಠ ಮಾಡಿದ್ದೆನಲ್ಲ, ಕೆಲಸಕ್ಕೇನು ಬರ ಎಂದುಕೊಂಡೆ.

ಜಪಾನಿನಲ್ಲಿ ಇಂಗ್ಲಿಷ್ ಸಂಭಾಷಣೆಗೆ ‘ಎಯ್‌ಕಾಯ್ವ’ ಎನ್ನುತ್ತಾರೆ. ಅದು ಒಂದು ದೊಡ್ಡ ವ್ಯಾಪಾರ. ರೈಲು ನಿಲ್ದಾಣಗಳ ಎದುರಿನ ಕಟ್ಟಡಗಳಲ್ಲಿ ಎರಡನೆಯದೋ ಮೂರನೆಯದೋ ಮಹಡಿಯಲ್ಲಿ ಅಂಥದೊಂದು ಶಾಲೆ ಇದ್ದೇ ಇರುತ್ತದೆ. ಜಾಹೀರಾತುಗಳಲ್ಲಿ ಕಣ್ಣಿಗೆ ರಾಚುವ ಪದ ‘ನೇಟಿವ್’. ಒಂದು ಶಾಲೆಯವರು ನನ್ನನ್ನು ಸಂದರ್ಶನಕ್ಕೆ ಕರೆದರು. ಹದಿನೈದು ನಿಮಿಷ ಮಾತಾಡಿಸಿ, ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ ಎಂದು ಮೂರು ಸಲ ಹೇಳಿ, ಬಾಗಿ ನಮಸ್ಕರಿಸಿ, ಲಿಫ್ಟ್‌ವರೆಗೂ ಬಂದು ಬೀಳ್ಕೊಟ್ಟರು. ಆ ಮೇಲೆ ಪತ್ರವೂ ಬರಲಿಲ್ಲ, ಕರೆಯೂ ಬರಲಿಲ್ಲ. ಅಷ್ಟು ಸೌಜನ್ಯದಿಂದ ‘ಬೇಡ’ ಎನ್ನಿಸಿಕೊಂಡದ್ದು ಅದೇ ಮೊದಲು. ಲಿಫ್ಟ್ ಕೆಳಗಿಳಿಯುವಾಗ ನಿಶ್ಚಯಿಸಿದೆ: ಇನ್ನು ಮುಂದೆ ಇಂಗ್ಲಿಷಿನಲ್ಲಿ ಕನ್ನಡದ ವಾಸನೆ ಇರಕೂಡದು.

ಕೆಲಸ ಸಿಕ್ಕಿದ್ದು ಮಾತ್ರ ನಮ್ಮದೇ ಕಟ್ಟಡದ ಲಿಫ್ಟಿನಲ್ಲಿ. ನಾಲ್ಕನೆಯ ಮಹಡಿಯ ಹೆಂಗಸೊಬ್ಬರು ಬಹಳ ಹೊತ್ತು ವಾಕ್ಯ ಜೋಡಿಸಿಕೊಂಡು, ನೀವು ಇಂಗ್ಲಿಷ್ ಮಾತಾಡುತ್ತೀರಾ ಎಂದು ಕೇಳಿದರು. ನದಿಯಾಚೆ, ಎರಡು ನಿಲ್ದಾಣ ದಾಟಿದರೆ ಉರಯಾಸು. ಅಲ್ಲಿಯ ಕೊಮಿನ್‌ಕಾನ್ ಎಂಬ ಸಾರ್ವಜನಿಕ ಭವನದಲ್ಲಿ ಗುರುವಾರ ಗುರುವಾರ ಒಂಬತ್ತು ಜನ ಕಲೆತು ಇಂಗ್ಲಿಷ್ ಮಾತಾಡುತ್ತಿದ್ದರಂತೆ. ಇಂಥ ಗುಂಪಿಗೆ ಅವರು ಸರ್ಕಲ್ ಎನ್ನುತ್ತಾರೆ. ಕಲಿಸುತ್ತಿದ್ದ ಕೆನಡಾದವರು ಊರಿಗೆ ಮರಳಿದ್ದರು.

ಮೊದಲ ಗುರುವಾರ ಬಾಗಿಲಲ್ಲಿ ಬೂಟು ಬಿಚ್ಚಿ, ಚಪ್ಪಲಿ ಹಾಕಿಕೊಂಡು ಒಳಗೆ ಹೋದೆ. ಉದ್ದನೆಯ ಮೇಜು. ಸುತ್ತ ಒಂಬತ್ತು ನೋಟ್‌ಪುಸ್ತಕ, ಒಂಬತ್ತು ಪೆನ್ಸಿಲ್ ಪೆಟ್ಟಿಗೆ, ಆರು ಎಲೆಕ್ಟ್ರಾನಿಕ್ ನಿಘಂಟು. ಹೆಚ್ಚಿನವರು ಅರವತ್ತು ದಾಟಿದವರು. ಕಳೆದ ವಾರ ಏನು ಮಾಡಿದಿರಿ ಎಂದು ಸಲೀಸಾಗಿ ಕೇಳಿದೆ. ಮೊದಲನೆಯವರು, ನಿವೃತ್ತ ವಿದ್ಯುತ್ ಎಂಜಿನಿಯರ್, ಮೇಜಿನ ಅಂಚನ್ನು ನೋಡುತ್ತ ಕುಳಿತರು. ಐದು ಸೆಕೆಂಡ್. ಹತ್ತು ಸೆಕೆಂಡ್. ನಮ್ಮ ಮನೆಗಳಲ್ಲಿ ಇಷ್ಟು ಹೊತ್ತು ಯಾರಾದರೂ ಉತ್ತರ ಕೊಡದಿದ್ದರೆ ಮುನಿಸಿಕೊಂಡಿದ್ದಾರೆ ಎಂದೇ ಅರ್ಥ. ನಾನು ತಡೆಯಲಾರದೆ ಸಿನಿಮಾ ನೋಡಿದಿರಾ, ಮೀನು ಹಿಡಿಯಲು ಹೋದಿರಾ, ಮೊಮ್ಮಕ್ಕಳು ಬಂದಿದ್ದರಾ ಎಂದು ಒಂದರ ಮೇಲೊಂದು ಎಸೆದೆ. ಅವರು ಪ್ರತಿಯೊಂದಕ್ಕೂ ‘ಹೈ’ ಎಂದರು. ನನಗೆ ಖುಷಿಯಾಯಿತು. ಆಮೇಲೆ ತಿಳಿಯಿತು, ಅವರು ಆ ವಾರ ಹಲ್ಲುನೋವಿನಿಂದ ಮನೆಯಲ್ಲೇ ಮಲಗಿದ್ದರು.

‘ಹೈ’ ಎಂದರೆ ಹೌದು ಎಂದು ಪುಸ್ತಕ ಹೇಳುತ್ತದೆ. ಆದರೆ ಮಾತಿನ ನಡುವೆ ಬರುವ ‘ಹೈ’ ನಮ್ಮ ‘ಹೂಂ’. ಕೇಳುತ್ತಿದ್ದೇನೆ, ಮುಂದುವರಿಸಿ ಎಂದಷ್ಟೇ. ಈ ಹೂಂಗುಟ್ಟುವುದಕ್ಕೆ ಅವರಲ್ಲಿ ‘ಅಯ್‌ಜುಚಿ’ ಎಂಬ ಹೆಸರಿದೆ. ಮೂಲದಲ್ಲಿ ಅದು ಕುಲುಮೆಯ ಮಾತು: ಕಮ್ಮಾರ ಒಂದು ಏಟು ಹಾಕಿದ ಮೇಲೆ ಎದುರಿನ ಶಿಷ್ಯ ಹಾಕುವ ಇನ್ನೊಂದು ಏಟು. ಹೂಂಗುಟ್ಟದಿದ್ದರೆ ಕಥೆ ನಿಲ್ಲಿಸಿಬಿಡುತ್ತಿದ್ದ ಅಜ್ಜಿಯ ಮೊಮ್ಮಗಳು ನಾನು. ಅದನ್ನು ಗುರುತಿಸಬೇಕಾಗಿತ್ತು. ಗುರುತಿಸಲಿಲ್ಲ, ಏಕೆಂದರೆ ಅಂದು ನಾನು ಕನ್ನಡದ ಕಿವಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ.

ಇವರಿಗೆ ಇಂಗ್ಲಿಷ್ ಬಾರದೆಂದಲ್ಲ. ಎಲ್ಲರೂ ಶಾಲೆಯಲ್ಲಿ ವರ್ಷಗಟ್ಟಲೆ ಕಲಿತವರೇ. ವ್ಯಾಕರಣದಲ್ಲಿ ನನ್ನನ್ನೇ ಸಿಕ್ಕಿಸಿಹಾಕಬಲ್ಲವರು. ಗುಂಪಿನಲ್ಲಿದ್ದ ಒಬ್ಬರೇ ಒಬ್ಬ ನಡುವಯಸ್ಸಿನ ಮಹಿಳೆ, ಹಡಗು ಸಾಗಣೆ ಕಂಪನಿಯವರು, ಟೋಯಿಕ್ ಪರೀಕ್ಷೆಯಲ್ಲಿ 990ಕ್ಕೆ 870 ಪಡೆದಿದ್ದರು. ಜಪಾನಿನ ಕೋರಿಕೆಯ ಮೇರೆಗೆ ಅಮೆರಿಕದಲ್ಲಿ ರೂಪಿಸಿ 1979ರಲ್ಲಿ ಶುರುಮಾಡಿದ ಪರೀಕ್ಷೆ ಅದು. ಎರಡು ಗಂಟೆ, 200 ಪ್ರಶ್ನೆ, ಕೇಳುವುದು ಮತ್ತು ಓದುವುದು; ಉತ್ತರ ಗುರುತು ಹಾಕಿದರಾಯಿತು. ಮಾತಾಡುವ ಪರೀಕ್ಷೆ ಬೇರೆಯೇ ಇದೆ, ಅದರ ಅಂಕವನ್ನು ಅವರ ಕಚೇರಿ ಕೇಳಿಯೇ ಇರಲಿಲ್ಲ. ತುಟಿ ಬಿಚ್ಚದೆ ಒಂದು ಭಾಷೆಯಲ್ಲಿ ಪೂರ್ತಿ ಅಂಕ ಪಡೆಯುವ ಏರ್ಪಾಡನ್ನು ಕಂಡು ಮೊದಲು ನಗು ಬಂತು. ಆಮೇಲೆ ಬೆಂಗಳೂರಿನಲ್ಲಿ ನಾನು ಹಾಕುತ್ತಿದ್ದ ಪ್ರಶ್ನೆಪತ್ರಿಕೆಗಳು ನೆನಪಾಗಿ ನಗು ನಿಂತಿತು.

ನಾಲ್ಕು ತಿಂಗಳು ಹೀಗೇ ನಡೆಯಿತು. ನಾನು ಅಮೆರಿಕನ್ ಸೆನ್ಸೇಯ, ಅಂದರೆ ಗುರುವಿನ, ಪಾತ್ರ ಮಾಡುತ್ತಿದ್ದೆ, ಅವರು ವಿದ್ಯಾರ್ಥಿಗಳ ಪಾತ್ರ ಮಾಡುತ್ತಿದ್ದರು. ತಿಂಗಳ ಕೊನೆಗೆ ಗರಿಗರಿ ನೋಟುಗಳ ಲಕೋಟೆಯನ್ನು ಎರಡೂ ಕೈಯಲ್ಲಿ ಕೊಡುತ್ತಿದ್ದರು. ಅದರ ಮೇಲೆ ಹನ್ನೆರಡು ತಿಂಗಳ ಹನ್ನೆರಡು ಚೌಕ. ಹಣ ತೆಗೆದುಕೊಂಡು ಆ ತಿಂಗಳ ಚೌಕದಲ್ಲಿ ಮುದ್ರೆ ಒತ್ತಿ ಖಾಲಿ ಲಕೋಟೆ ಹಿಂದಿರುಗಿಸಬೇಕು. ಈ ಶುಲ್ಕಕ್ಕೆ ಅವರು ಬರೆಯುವ ಎರಡು ಅಕ್ಷರಗಳಲ್ಲಿ ಒಂದು ತಿಂಗಳು, ಇನ್ನೊಂದು ಕೃತಜ್ಞತೆ. ಮುದ್ರೆ ಒತ್ತುವಾಗಲೆಲ್ಲ ನನಗೆ ಕಳ್ಳತನದ ಭಾವ.

ಸಿಕ್ಕಿಬಿದ್ದದ್ದು ಒಂದು ಮಳೆಗಾಲದ ಗುರುವಾರ. ಜಪಾನಿ ಭಾಷೆಯಲ್ಲಿ ‘ರ’ ಮತ್ತು ‘ಲ’ ಬೇರೆ ಬೇರೆ ಇಲ್ಲ, ನಡುವಿನ ಒಂದೇ ದನಿ. ಅನ್ನದ ರೈಸ್‌ಗೂ ಹೇನಿನ ಲೈಸ್‌ಗೂ ಇರುವ ವ್ಯತ್ಯಾಸವನ್ನು ನಾನು ಬಹಳ ಹುರುಪಿನಿಂದ ಹೇಳಿಕೊಡುತ್ತಿದ್ದೆ. ‘ರ’, ‘ಲ’, ‘ಳ’ ಮೂರನ್ನೂ ಹಾಲಿನ ಜೊತೆ ಕುಡಿದವಳಿಗೆ ಅದೇನು ಮಹಾ. ಎಂಜಿನಿಯರರು ಕೈಯೆತ್ತಿದರು. ದನದ ವೈದ್ಯರಿಗೆ ಹೇಳುವ ವೆಟ್ ಮತ್ತು ಒದ್ದೆ ಎನ್ನುವ ವೆಟ್ ಎರಡರ ಕಾಗುಣಿತ ಬೇರೆ ಬೇರೆ, ಉಚ್ಚಾರ ಹೇಗೆ ಬೇರೆ, ದಯವಿಟ್ಟು ಎರಡನ್ನೂ ಹೇಳಿ ಎಂದರು. ಹೇಳಿದೆ. ಒಂಬತ್ತು ಜನ ಕಣ್ಣುಮುಚ್ಚಿ ಕೇಳಿದರು. ಇನ್ನೊಮ್ಮೆ ಎಂದರು. ಹೇಳಿದೆ. ಅವರು ಬಹಳ ಸಂಕೋಚದಿಂದ, ‘ಸೆನ್ಸೇ, ಕ್ಷಮಿಸಿ, ನನ್ನ ಕಿವಿ ಸರಿಯಿಲ್ಲ, ಎರಡೂ ಒಂದೇ ಕೇಳಿಸಿತು’ ಎಂದರು.

ಅವರ ಕಿವಿ ಸರಿಯಾಗಿಯೇ ಇತ್ತು. ನಮ್ಮ ವರ್ಣಮಾಲೆಯಲ್ಲಿ ಇರುವುದು ಒಂದೇ ‘ವ’. ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕಾದ ಕಡೆಯೂ, ತುಟಿ ದುಂಡಗಾಗಬೇಕಾದ ಕಡೆಯೂ ನಾನು ಅದನ್ನೇ ಹಾಕುತ್ತೇನೆ. ಎಂ.ಎ. ಮಾಡಿ, ಆರು ವರ್ಷ ಪಾಠ ಹೇಳಿ, ಯಾರೂ ಕೇಳದೆ ಉಳಿದಿದ್ದ ಪ್ರಶ್ನೆ. ಕಿವಿ ಬಿಸಿಯಾಯಿತು. ಮುಚ್ಚಿಹಾಕಲು ದಾರಿ ಹುಡುಕಿದೆ, ಸಿಗಲಿಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ ‘ವ’ ಬರೆದೆ. ಇದು ನನ್ನ ಭಾಷೆಯ ಅಕ್ಷರ, ನನ್ನ ಬಾಯಲ್ಲಿ ಇರುವುದು ಇದೊಂದೇ, ನಾನು ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವಳು ಎಂದೆ.

ಸುಮಾರು ಹೊತ್ತು ಮೌನ. ನಂತರ ಮೂಲೆಯಲ್ಲಿದ್ದ ಎಂಬತ್ತು ವರ್ಷದ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಎಲ್ಲರೂ ನಕ್ಕರು. ಎಂಜಿನಿಯರರು ಮಾತ್ರ ನಗದೆ ‘ವ’ವನ್ನು ನೋಟ್‌ಪುಸ್ತಕಕ್ಕೆ ಇಳಿಸಿಕೊಂಡರು, ಮೂರು ಸಲ ಅಳಿಸಿ ತಿದ್ದಿ.

ಅದರ ಮುಂದಿನ ವಾರ ನಾನು ಮುಚ್ಚುಮರೆಯಿಲ್ಲದೆ ಕನ್ನಡವನ್ನು ತರಗತಿಗೆ ಕರೆದೊಯ್ದೆ. ಬೇಸ್‌ಬಾಲ್ ಎಂದರೆ ಜೀವ ಬಿಡುವ ಜನ. ಸ್ಟ್ರೈಕ್ ಎಂಬ ಪದದಿಂದ ಶುರುಮಾಡಿದೆ. ಅವರ ಕತಕನ ಲಿಪಿಯಲ್ಲಿ ಸ್ವರವಿಲ್ಲದ ವ್ಯಂಜನ ನಿಲ್ಲುವುದಿಲ್ಲ, ಮೂಗಿನ ‘ನ್’ ಒಂದನ್ನು ಬಿಟ್ಟು. ಹಾಗಾಗಿ ಅದು ‘ಸು-ತೊ-ರ-ಇ-ಕು’. ಐದು ಅಕ್ಷರ, ಐದು ಚಪ್ಪಾಳೆ. ಇಂಗ್ಲಿಷಿನವರ ಬಾಯಲ್ಲಿ ಒಂದೇ ಚಪ್ಪಾಳೆ. ಇದನ್ನು ಬರೀ ಬಾಯಲ್ಲಿ ಎಷ್ಟು ಹೇಳಿದರೂ ಹತ್ತುತ್ತಿರಲಿಲ್ಲ. ಬೋರ್ಡಿನ ಮೇಲೆ ‘ಸ’ ಬರೆದೆ. ಅದರ ಕೆಳಗೆ ‘ಟ’ದ ಒತ್ತು, ಅದರ ಪಕ್ಕ ‘ರ’ದ ಒತ್ತು, ತಲೆಯ ಮೇಲೆ ಐತ್ವ. ‘ಸ್ಟ್ರೈ’. ಮೂರು ವ್ಯಂಜನ, ಒಂದು ಸ್ವರ, ಎಲ್ಲ ಸೇರಿ ಒಂದೇ ಅಕ್ಷರ, ಒಂದೇ ಉಸಿರು. ‘ಕ್’ ಕೊನೆಗೆ ಗಂಟಲಲ್ಲಿ ಹಿಡಿದು ಬಿಡುವುದಷ್ಟೇ. ಲಿಫ್ಟಿನಲ್ಲಿ ಸಿಕ್ಕಿದ್ದ ನಾಲ್ಕನೆಯ ಮಹಡಿಯವರು, ‘ಓಹೋ, ಕಪಾಟಿನಲ್ಲಿ ಹಾಸಿಗೆ ಮಡಿಸಿ ಒಟ್ಟಿದ ಹಾಗೆ!’ ಎಂದು ಜಪಾನಿಯಲ್ಲೇ ಉದ್ಗರಿಸಿದರು. ಹೌದು, ಒತ್ತಕ್ಷರ ಎಂದರೆ ಒಟ್ಟಿದ ಹಾಸಿಗೆಯೇ. ನನಗೆ ಮೂವತ್ತು ವರ್ಷದಲ್ಲಿ ಹೊಳೆದಿರಲಿಲ್ಲ. ಅಂದು ಒಂಬತ್ತು ಜನವೂ ಒಂದೇ ಚಪ್ಪಾಳೆ ಹೊಡೆದು ಸ್ಟ್ರೈಕ್ ಎಂದರು. ಪಕ್ಕದ ಕೋಣೆಯ ಹೂವಿನ ಅಲಂಕಾರದವರು ಇಣುಕಿ ನೋಡಿದರು.

ನಾವೇನು ಕಡಿಮೆಯೇ ಎಂದೂ ಹೇಳಿಬಿಟ್ಟೆ. ನಾವೂ ಪದದ ಬಾಲಕ್ಕೆ ಉಕಾರ ಅಂಟಿಸುವವರು: ಬಸ್ಸು, ಕಾರು, ಸ್ಟ್ರೈಕು. ಅವರದು ‘ಬುಕ್ಕು’, ನಮ್ಮದೂ ಬುಕ್ಕು. ಅವರದು ‘ಕಪ್ಪು’, ನಮ್ಮದೂ ಕಪ್ಪು. ಅವರು ‘ಬೆಡ್ಡೊ’ ಎಂದರೆ ನಾವು ಬೆಡ್ಡು ಎಂದು ಅಷ್ಟಕ್ಕೇ ಬೇರೆಯಾಗುತ್ತೇವೆ. ಎಂಜಿನಿಯರರು ಆಗ ಜಾನ್ ಮಂಜಿರೊ ಕಥೆ ತೆಗೆದರು. ತೊಸಾ ಸೀಮೆಯ ಬೆಸ್ತರ ಹುಡುಗ. 1841ರಲ್ಲಿ ದೋಣಿ ಬಿರುಗಾಳಿಗೆ ಸಿಕ್ಕಿ, ಅಮೆರಿಕದ ತಿಮಿಂಗಿಲ ಬೇಟೆಯ ಹಡಗಿನವರ ಕೈಗೆ ಬಿದ್ದು, ಮ್ಯಾಸಚುಸೆಟ್ಸ್ ಸೇರಿ ಇಂಗ್ಲಿಷ್ ಕಲಿತು, ಹತ್ತು ವರ್ಷದ ಮೇಲೆ ಮರಳಿ ಬಂದವನು. 1859ರಲ್ಲಿ ಜಪಾನಿಗರಿಗಾಗಿ ಇಂಗ್ಲಿಷ್ ಸಂಭಾಷಣೆಯ ಪುಸ್ತಕ ಬರೆದ. ಕಾಗುಣಿತ ನೋಡಿ ಕಲಿತವನಲ್ಲ, ಕಿವಿಗೆ ಬಿದ್ದದ್ದನ್ನು ಹಾಗೆಯೇ ಇಳಿಸಿದವನು. ಗಂಟೆ ಎಷ್ಟಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಬೇಕಾದರೆ ಜಪಾನಿಯಲ್ಲಿ ‘ಹೊತ್ತ ಇಮೊ ಇಜಿರುನ’ ಎಂದು ಜೋರಾಗಿ ಹೇಳಿದರೆ ಸಾಕು ಎಂಬ ತಮಾಷೆ ಅವನ ಹೆಸರಿನಲ್ಲಿ ಇಂದಿಗೂ ಓಡಾಡುತ್ತದೆ. ಅಗೆದ ಆಲೂಗಡ್ಡೆಯನ್ನು ಮುಟ್ಟಬೇಡ ಎಂದು ಅದರ ಅರ್ಥ. ‘ವಾಟ್ ಟೈಮ್ ಈಸ್ ಇಟ್ ನೌ’ ಎಂದು ಅವಸರದಲ್ಲಿ ಹೇಳಿ ನೋಡಿ, ಆಲೂಗಡ್ಡೆ ಕೇಳಿಸುತ್ತದೆ.

ಆ ಅಜ್ಜಿಯ ವಿಷಯ ಹೇಳಬೇಕು. ಇಂದು ಉರಯಾಸು ಎಂದರೆ ಜನ 1983ರಲ್ಲಿ ತೆರೆದ ಡಿಸ್ನಿಲ್ಯಾಂಡ್ ನೆನೆಯುತ್ತಾರೆ. ಆ ಜಾಗ ಸಮುದ್ರವಾಗಿತ್ತು. ಊರಿನವರು ಚಿಪ್ಪುಮೀನು, ಕಡಲ ಪಾಚಿ ನಂಬಿ ಬದುಕಿದವರು; ನೀರು ಕೆಟ್ಟು, ಕಡಲಿಗೆ ಮಣ್ಣು ತುಂಬಿ, 1971ರಲ್ಲಿ ಮೀನುಗಾರಿಕೆಯ ಹಕ್ಕನ್ನು ಪೂರ್ತಿಯಾಗಿ ಬಿಟ್ಟುಕೊಟ್ಟರು. ಅಜ್ಜಿ ಎಂಟು ವರ್ಷದವರಿದ್ದಾಗ ತಾಯಿಯ ಪಕ್ಕದಲ್ಲಿ ಕುಳಿತು ಚಿಪ್ಪು ಬಿಡಿಸುತ್ತಿದ್ದರಂತೆ. 1946ರ ಫೆಬ್ರವರಿಯಲ್ಲಿ ರೇಡಿಯೊದಲ್ಲಿ ಹಿರಕಾವಾ ತದಾಯಿಚಿ ಎಂಬವರ ಇಂಗ್ಲಿಷ್ ಸಂಭಾಷಣೆಯ ಪಾಠ ಶುರುವಾಯಿತು. ನೆರೆಮನೆಯ ರೇಡಿಯೊ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಯುದ್ಧ ಮುಗಿದು ಇನ್ನೂ ಆರು ತಿಂಗಳು. ಅದಕ್ಕೂ ಮುಂಚೆ, 1945ರಲ್ಲೇ, 32 ಪುಟಗಳ ಜಪಾನಿ-ಅಮೆರಿಕನ್ ಸಂಭಾಷಣೆಯ ಕಿರುಪುಸ್ತಕವೊಂದು 36 ಲಕ್ಷ ಪ್ರತಿ ಖರ್ಚಾಗಿತ್ತು. ನಿನ್ನೆಯವರೆಗೆ ಶತ್ರುವಿನ ಮಾತಾಗಿದ್ದದ್ದು ಬೆಳಗಾಗುವುದರೊಳಗೆ ಅನ್ನದ ಮಾತಾದ ಕಾಲ. ಆ ಹದಿನೈದು ನಿಮಿಷದಲ್ಲಿ ಎಷ್ಟು ಚಿಪ್ಪು ಬಿಡಿಸಿದರೂ ಕೈ ನೋಯುತ್ತಿರಲಿಲ್ಲ ಎಂದರು ಅಜ್ಜಿ. ಹೇಳುವಾಗ ಬಲಗೈ ತಾನಾಗಿ ಸಣ್ಣ ಚೂರಿ ತಿರುಗಿಸಿದ ಹಾಗೆ ಆಡಿತು.

ಅಜ್ಜಿಯ ಮೊಮ್ಮಗಳು ಕೆನಡಾದಲ್ಲಿ ಮದುವೆಯಾಗಿದ್ದಾಳೆ. ಮರಿಮಕ್ಕಳಿಗೆ ಜಪಾನಿ ಬಾರದು. ವಿಡಿಯೊ ಕರೆಯಲ್ಲಿ ಅವುಗಳ ಜೊತೆ ನಾಲ್ಕು ಮಾತಾಡಬೇಕು, ಅಷ್ಟೇ ಆಸೆ. ಒಮ್ಮೆ ಕೇಳಿದರು: ಮನೆಯಿಂದ ಹೊರಡುವಾಗ ಹೇಳುವ ‘ಇತ್ತೆ ಕಿಮಾಸು’ವಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ಬೈ, ಸೀ ಯೂ ಎಂದೆಲ್ಲ ಹೇಳಿದೆ. ಅಜ್ಜಿಗೆ ತೃಪ್ತಿಯಿಲ್ಲ. ಬೈ ಎಂದರೆ ಹೋಗಿಯೇಬಿಟ್ಟ ಹಾಗೆ ಎಂದರು. ಅವರು ಹೇಳುತ್ತಿದ್ದುದು ನನಗೆ ಬೆನ್ನುಹುರಿಯಲ್ಲಿ ಗೊತ್ತಿತ್ತು. ‘ಇತ್ತೆ’ ಎಂದರೆ ಹೋಗಿ, ‘ಕಿಮಾಸು’ ಎಂದರೆ ಬರುತ್ತೇನೆ. ಹೋಗಿ ಬರುತ್ತೇನೆ! ನಮ್ಮ ಮನೆಯಲ್ಲಿ ಬಾಗಿಲು ದಾಟುವಾಗ ‘ಹೋಗುತ್ತೇನೆ’ ಎಂದವರನ್ನು ಅಜ್ಜಿ ಮರಳಿ ಕರೆದು ಕೂರಿಸುತ್ತಿದ್ದರು. ಒಳಗಿದ್ದವರು ಹೇಳುವ ಉತ್ತರವೂ ಎರಡೂ ಕಡೆ ಒಂದೇ, ಹೋಗಿ ಬನ್ನಿ. ‘ತಿಂದು ನೋಡು’ ಎಂದು ಕಣ್ಣಿಗೆ ಸಂಬಂಧವಿಲ್ಲದ ಕಡೆ ‘ನೋಡು’ ಹಾಕುವುದು, ‘ಮಾಡಿಬಿಟ್ಟೆ’ ಎಂದು ಕೈ ಮೀರಿದ್ದಕ್ಕೆ ಪೇಚಾಡುವುದು, ಎಲ್ಲ ಅವರಲ್ಲೂ ಇದೆ. ಎರಡು ಭಾಷೆಗೂ ಯಾವ ನೆಂಟಸ್ತಿಕೆ ಎಂಬ ವಾದಕ್ಕೆ ನಾನು ಹೋಗುವವಳಲ್ಲ. ಆದರೆ ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವ ಜನ, ಅದನ್ನು ಎರಡನೆಯ ಸ್ಥಾನದಲ್ಲೇ ಕೇಳುವ ಭಾಷೆಗೆ ಬಂದಾಗ ಎಲ್ಲಿ ಮುಗ್ಗರಿಸುತ್ತಾರೆ ಎಂಬುದನ್ನು ಆ ‘ನೇಟಿವ್’ ಜಾಹೀರಾತಿನವರಿಗಿಂತ ನಾನು ಚೆನ್ನಾಗಿ ಬಲ್ಲೆ. ನಾನೂ ಅಲ್ಲೇ ಮುಗ್ಗರಿಸಿದವಳು.

ಅತ್ಯಂತ ಕಾಡಿದ್ದು ಇಲ್ಲ ಎಂಬ ಪ್ರಶ್ನೆ. ಕಾಫಿ ಕುಡಿಯುವುದಿಲ್ಲವೇ ಎಂದು ಕೇಳಿದರೆ, ಕುಡಿಯದವರು ನಮ್ಮಲ್ಲಿ ‘ಹೌದು, ಕುಡಿಯುವುದಿಲ್ಲ’ ಎನ್ನುತ್ತಾರೆ; ನೀವು ಹೇಳಿದ್ದು ಸರಿ ಎಂದು ಎದುರಿನವರನ್ನು ಒಪ್ಪಿಕೊಳ್ಳುವ ರೀತಿ. ಜಪಾನಿಗರೂ ಹಾಗೆಯೇ. ಇಂಗ್ಲಿಷಿಗೆ ಎದುರಿನವರ ಹಂಗಿಲ್ಲ. ಕುಡಿಯದಿದ್ದರೆ ‘ನೋ’, ಮುಗಿಯಿತು. ಈ ಒಂದು ನಿಯಮಕ್ಕೆ ನಾವು ಆರು ಗುರುವಾರ ಖರ್ಚು ಮಾಡಿದೆವು. ಎಲ್ಲರೂ ಬರವಣಿಗೆಯಲ್ಲಿ ಸರಿ, ಮಾತಿನಲ್ಲಿ ತಪ್ಪು. ನಾನೂ ಸೇರಿದಂತೆ.

ಎಂಜಿನಿಯರರ ಗುರಿ ಬೇರೆ. 2020ರ ಒಲಿಂಪಿಕ್ಸ್‌ಗೆ ಬರುವ ವಿದೇಶಿಯರಿಗೆ ದಾರಿ ತೋರಿಸುವ ಸ್ವಯಂಸೇವಕರಾಗಬೇಕು. ನಮ್ಮ ಮನೆಯ ಸಮೀಪದ ಕಸಾಯಿ ರಿನ್‌ಕಾಯಿ ಉದ್ಯಾನದ ಪಕ್ಕದಲ್ಲೇ ಕನೂ ಸ್ಲಾಲಮ್ ಎಂಬ ದೋಣಿ ಸ್ಪರ್ಧೆಗಾಗಿ ಕೃತಕ ತೊರೆ ಕಟ್ಟುತ್ತಿದ್ದರು. ಅವರು ನಿಲ್ದಾಣದಿಂದ ಅಲ್ಲಿಯವರೆಗೆ ನಡೆದು, ಹೆಜ್ಜೆ ಎಣಿಸಿ, ಪ್ರತಿ ತಿರುವಿಗೂ ಒಂದು ಚೀಟಿಯಂತೆ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡರು. ಎರಡು ವರ್ಷ ನಾವು ಮೇಜಿನ ಸುತ್ತ ದಾರಿ ತಪ್ಪಿದ ಬ್ರೆಜಿಲ್‌ನವರಾಗಿ, ಫ್ರಾನ್ಸಿನವರಾಗಿ ನಟಿಸಿ ಅವರನ್ನು ಕಾಡಿದೆವು. 2020ರ ವಸಂತದಲ್ಲಿ ಕೊಮಿನ್‌ಕಾನ್ ಬಾಗಿಲು ಹಾಕಿತು. ಕ್ರೀಡಾಕೂಟ ಒಂದು ವರ್ಷ ಮುಂದೆ ಹೋಯಿತು. 2021ರ ಮಾರ್ಚಿನಲ್ಲಿ, ಹೊರದೇಶದ ಪ್ರೇಕ್ಷಕರಿಗೆ ಪ್ರವೇಶವಿಲ್ಲ ಎಂದು ತೀರ್ಮಾನವಾಯಿತು. ಆ ಗುರುವಾರ ಕಂಪ್ಯೂಟರ್ ಪರದೆಯಲ್ಲಿ ಅವರ ಚೌಕದಲ್ಲಿ ಮುಖ ಕಾಣಿಸಿತು, ಮಾತು ಬರಲಿಲ್ಲ. ಅಷ್ಟರಲ್ಲಿ ನಾನೂ ಸುಮ್ಮನೆ ಕಾಯಲು ಕಲಿತಿದ್ದೆ.

2022ರ ಅಕ್ಟೋಬರಿನಲ್ಲಿ ದೇಶ ಮತ್ತೆ ಪ್ರವಾಸಿಗರಿಗೆ ಪೂರ್ತಿ ತೆರೆಯಿತು. ಮರುವರ್ಷ ಚೆರ್ರಿ ಹೂ ಬಿಡುವ ಹೊತ್ತಿಗೆ ಅಪ್ಪ, ಅಮ್ಮ ಬಂದರು. ಸುದ್ದಿ ತಿಳಿದ ಎಂಜಿನಿಯರರು ಫೋನ್ ಮಾಡಿ, ನಿಮ್ಮ ತಂದೆಯವರನ್ನು ಉದ್ಯಾನಕ್ಕೆ ನಾನೇ ಕರೆದೊಯ್ಯುತ್ತೇನೆ ಎಂದರು. ಚೀಟಿಗಳ ಕಟ್ಟು ಜೇಬಿನಲ್ಲಿತ್ತು. ನನಗೆ, ‘ಸೆನ್ಸೇ, ನೀವು ಹತ್ತು ಹೆಜ್ಜೆ ಹಿಂದೆ ಬನ್ನಿ’ ಎಂದು ಅಪ್ಪಣೆಯಾಯಿತು. ಅಮ್ಮ ನನ್ನ ಜೊತೆ. ಮುಂದೆ ಇಬ್ಬರು ಮುದುಕರು: ಒಬ್ಬರು ವಿದ್ಯುತ್ ಕಂಪನಿಯಲ್ಲಿ ಸವೆದವರು, ಇನ್ನೊಬ್ಬರು ಹಾಸನದಲ್ಲಿ ತಾಲ್ಲೂಕು ಕಚೇರಿಯ ಕಡತಗಳ ಇಂಗ್ಲಿಷಿನಲ್ಲಿ ಸವೆದವರು. ತಿರುವು ಬಂದಾಗಲೆಲ್ಲ ಎಂಜಿನಿಯರರು ನಿಂತು, ಚೀಟಿ ನೋಡದೆ, ಬಲಕ್ಕೆ ತಿರುಗಿ ಎಂದು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಅಪ್ಪ ‘ವೆರಿ ಗುಡ್, ವೆರಿ ಗುಡ್’ ಎಂದು ತಿರುಗುತ್ತಿದ್ದರು.

ಸಮುದ್ರ ಕಾಣುವ ಕಡೆ ಒಂದು ಪಾನೀಯದ ಯಂತ್ರ. ಎಂಜಿನಿಯರರು ನಾಣ್ಯ ಹಾಕಿದರು. ಬಿಸಿ ಕಾಫಿಯ ಡಬ್ಬಿಗಳ ಮುಂದೆ ಬೆರಳಿಟ್ಟು, ಅಪ್ಪನತ್ತ ತಿರುಗಿ, ಸಕ್ಕರೆ ಬೇಡವೇ ಎಂದು ಕೇಳಿದರು: ‘ಡೋಂಟ್ ಯೂ ವಾಂಟ್ ಶುಗರ್?’

ಅಪ್ಪನಿಗೆ ಸಕ್ಕರೆ ಕಾಯಿಲೆ. ‘ಯೆಸ್, ಯೆಸ್’ ಎಂದರು, ದೃಢವಾಗಿ.

ಹತ್ತು ಹೆಜ್ಜೆ ಹಿಂದಿದ್ದ ನಾನು ‘ನೋ’ ಎಂದು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಎಂಜಿನಿಯರರು ಒಂದಿಷ್ಟೂ ಯೋಚಿಸದೆ ಸಕ್ಕರೆಯಿಲ್ಲದ ಕಪ್ಪು ಡಬ್ಬಿಯ ಗುಂಡಿ ಒತ್ತಿದರು.

ಅಪ್ಪ ಬಿಸಿ ಡಬ್ಬಿಯನ್ನು ಪಂಚೆಯಂಚಿನಂತೆ ಕರವಸ್ತ್ರದಲ್ಲಿ ಹಿಡಿದು ಒಂದು ಗುಟುಕು ಕುಡಿದು ಮುಖ ಕಿವುಚಿದರು. ‘ಕಸಾಯಿಗೆ ಬಂದು ಕಷಾಯ ಕುಡಿದ ಹಾಗಾಯಿತಲ್ಲೇ’ ಎಂದು ನನಗೆ ಕೇಳಿಸುವಂತೆ ಕನ್ನಡದಲ್ಲಿ ಹೇಳಿದರು. ಅಮ್ಮ ನಕ್ಕರು. ಊರಿನ ಹೆಸರು ಕಿವಿಗೆ ಬಿದ್ದ ಎಂಜಿನಿಯರರು ನೋಟ್‌ಪುಸ್ತಕ ತೆಗೆದು, ಪೆನ್ಸಿಲ್ ಹಿಡಿದು, ‘ಸೆನ್ಸೇ, ತಂದೆಯವರು ಏನೆಂದರು? ಇಂಗ್ಲಿಷಿನಲ್ಲಿ, ದಯವಿಟ್ಟು’ ಎಂದರು.

ನಾನು ಬಾಯಿ ತೆರೆದೆ. ಮುಚ್ಚಿದೆ. ಐದು ಸೆಕೆಂಡ್, ಹತ್ತು ಸೆಕೆಂಡ್. ಅವರು ಅವಸರ ಮಾಡಲಿಲ್ಲ, ಕಾಯುತ್ತ ನಿಂತರು.